ನಮ್ಮ ಕಣದಲ್ಲಿ ಇಂಗ್ಲೆಂಡಿನ ಪಿಚ್ಚು

ಮೊಮ್ಮಗ ಸಾಗರದಲ್ಲಿ ರೈಲಿಳಿದು ಮನೆಗೆ ಹೋಗದೆ ನೇರ ಮೈದಾನಕ್ಕೆ ಬಂದ. ನಾನು ಹಿಂದಿನ ದಿನದ ಆಟದ ಮ್ಯಾಟು ಸುತ್ತಲಿಕ್ಕೆ ಅದರ ಮೊಳೆ ಕೀಳುತ್ತಾ ಕೂತಿದ್ದೆ. ಬೆನ್ನ ಮೇಲೆ ಕಿಟ್ ಬ್ಯಾಗು ಹೊತ್ತೇ ನಿಂತಿದ್ದ. ಮುಖ ನೋಡಿದರೆ ಅಳುತ್ತಾನೋ ನಗುತ್ತಾನೋ ಗೊತ್ತಾಗುವಂತಿರಲಿಲ್ಲ.

“ಅಜ್ಜಿ, ನಿಂಗೊಂದು ವಿಷಯ ಹೇಳ್ಬೇಕು. ಕೂತ್ಕೋ.”

“ಕೂತೇ ಇದೀನಲ್ಲೋ ಅಪ್ಪಿ.”

“ಹೌದಲ್ಲ,” ಎಂದು ತಾನೇ ಕೂತ.

ವಿಷಯ ಇಷ್ಟು. ಟೆಸ್ಟ್ ಆಡುವ ದೇಶಗಳಲ್ಲೆಲ್ಲ ಯಾರು ಮೇಲು ಎಂದು ತೀರ್ಮಾನ ಮಾಡುವ ಫೈನಲ್ಲು ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ. ನಮ್ಮವರು ಅದರಲ್ಲಿದ್ದಾರೆ. ಎದುರಿನ ತಂಡದಲ್ಲಿ ಎತ್ತರದ ಎಡಗೈ ವೇಗದ ಬೌಲರ್ ಇದ್ದಾನೆ. ಅವನನ್ನು ಆಡುವುದಕ್ಕೆ ನಮ್ಮ ಬ್ಯಾಟ್ಸ್‌ಮನ್‌ಗಳಿಗೆ ಅಭ್ಯಾಸ ಬೇಕು. ಹೊರಡುವ ಮೊದಲು ಬೆಂಗಳೂರಿನಲ್ಲಿ ಮೂರು ದಿನ ಕ್ಯಾಂಪ್ ಇಟ್ಟಿದ್ದರು, ಅದಕ್ಕೆ ನಾಲ್ಕು ಜನ ಎಡಗೈ ಹುಡುಗರನ್ನು ಕರೆದಿದ್ದರು. ನನ್ನ ಮೊಮ್ಮಗ ನಾಲ್ವರಲ್ಲಿ ಒಬ್ಬ. ಮೂರು ದಿನ ನೋಡಿ ಒಬ್ಬನನ್ನು ಮಾತ್ರ ತಂಡದ ಜೊತೆ ಇಂಗ್ಲೆಂಡಿಗೆ ಕರೆದುಕೊಂಡು ಹೋಗುತ್ತಾರೆ.

“ಆಡೋದಕ್ಕಾ?”

“ಆಡೋದಕ್ಕಲ್ಲ ಅಜ್ಜಿ. ಆಡೋರಿಗೆ ನೆಟ್ಸಲ್ಲಿ ಬಾಲ್ ಹಾಕೋದಕ್ಕೆ.”

“ಅಂದ್ರೆ ಅವ್ರು ಹೊಡೆಯೋದು, ನೀನು ಹೊಡೆಸ್ಕೊಳ್ಳೋದು.”

“ಹ್ಞೂಂ. ಹಂಗೇ ಅಂದ್ಕೋ.”

ನನಗೆ ಆಗಲೇ ಎದೆ ಉಬ್ಬಿಹೋಗಿತ್ತು. ದೇಶದ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳಿಂದ ಹೊಡೆಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಬರುತ್ತದೆ? ಮೊಳೆ ಕೀಳುವುದು ಬಿಟ್ಟು ಅವನ ತಲೆ ಸವರಿದೆ. ಕೈಯೆಲ್ಲ ಕೆಮ್ಮಣ್ಣು, ಅವನ ಕೂದಲೂ ಕೆಂಪಾಯಿತು.

ಆದರೆ ಅವನು ಹೇಳುವುದು ಇನ್ನೂ ಇತ್ತು. ಅವನ ಬಾಲು ಗಿಡ್ಡ ಬೀಳುತ್ತದೆ ಎಂದು ಬೆಂಗಳೂರಿನವರು ಹೇಳಿದ್ದರಂತೆ. ಅದು ಅವನ ತಪ್ಪೂ ಅಲ್ಲ. ಹತ್ತು ವರ್ಷದವನಿದ್ದಾಗಿನಿಂದ ಅವನು ಕಲಿತಿದ್ದು ಇದೇ ಮೈದಾನದಲ್ಲಿ, ಕೆಂಪು ಗಟ್ಟಿನೆಲದ ಮೇಲೆ ನಾನು ಹಾಸಿದ ಮ್ಯಾಟಿನಲ್ಲಿ. ಮ್ಯಾಟಿನ ಮೇಲೆ ಚೆಂಡು ಜಿಗಿಯುತ್ತದೆ. ಬ್ಯಾಟಿನವನ ಸ್ಟಂಪಿನಿಂದ ಎಂಟು ಹೆಜ್ಜೆ ಈಚೆ ಬಿದ್ದರೆ ಸರಿಯಾಗಿ ಸ್ಟಂಪಿನ ತಲೆ ಮುಟ್ಟುತ್ತದೆ. ಇಂಗ್ಲೆಂಡಿನ ಹುಲ್ಲಿನ ಪಿಚ್ಚಿನಲ್ಲಿ ಅಷ್ಟು ಗಿಡ್ಡ ಹಾಕಿದರೆ ಚೆಂಡು ಎತ್ತ ತಿರುಗಿತೆಂದು ನೋಡಲು ಬಿಡುವು ಸಿಕ್ಕಿ, ಬ್ಯಾಟಿನವನು ಆರಾಮಾಗಿ ಬಿಟ್ಟು ನಿಲ್ಲುತ್ತಾನೆ. ಅಲ್ಲಿ ಆರು ಹೆಜ್ಜೆಯಲ್ಲಿ ಬೀಳಬೇಕು. ಎರಡೇ ಹೆಜ್ಜೆಯ ವ್ಯತ್ಯಾಸ. ಆದರೆ ಹನ್ನೊಂದು ವರ್ಷ ಕೈಗೆ ಹತ್ತಿದ್ದು ಹನ್ನೆರಡು ದಿನದಲ್ಲಿ ಬಿಡಬೇಕು. ಕ್ಯಾಂಪಿಗೆ ಇದ್ದದ್ದು ಹನ್ನೆರಡೇ ದಿನ.

“ಹುಲ್ಲಿನ ಪಿಚ್ ಬೇಕಲ್ಲೋ ಹಂಗಾರೆ,” ಎಂದೆ.

“ಅದಕ್ಕೇ ನಿನ್ನತ್ರ ಬಂದಿದ್ದು.”

ನಮ್ಮ ಮನೆಯವರು ಇದ್ದಾಗ ಮೈದಾನದ ಮ್ಯಾಟು ಹಾಸುವ ಕೆಲಸ ಅವರದ್ದು, ಅವರು ಹೋದ ಮೇಲೆ ನನ್ನದು. ಮ್ಯಾಟಿನ ಪಕ್ಕದಲ್ಲೇ ಒಂದು ಪಟ್ಟಿಗೆ ಗದ್ದೆಯ ಜೇಡಿಮಣ್ಣು ತರಿಸಿ ಹಾಕಿ, ಎರಡು ವರ್ಷದಿಂದ ಹುಲ್ಲು ಬೆಳೆಸಿಕೊಂಡು ಬಂದಿದ್ದೆ. ಯಾರೂ ಹೇಳಿದ್ದಲ್ಲ, ನನ್ನದೇ ಹುಚ್ಚು. ಆ ಪಟ್ಟಿಯನ್ನು ಈಗ ಪಿಚ್ ಮಾಡಬೇಕು.

ಮೊಮ್ಮಗನಿಗೆ ಮೊದಲು ಚೆಂಡು ಹಿಡಿಯಲು ಕಲಿಸಿದ, ಈಗ ರಿಟೈರ್ ಆಗಿರುವ ಪಿ.ಟಿ. ಮಾಸ್ತರು ಆ ಸಂಜೆಯೇ ಬಂದರು. ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಅವರ ಹಳೆಯ ಶಿಷ್ಯರೊಬ್ಬರ ಹತ್ತಿರ ಇಂಗ್ಲೆಂಡಿನಲ್ಲಿ ಆಡುವ ಜಾತಿಯ ಚೆಂಡು ಇದೆಯೆಂದು ಮರುದಿನ ವ್ಯಾನು ತೆಗೆದುಕೊಂಡು ಹೋಗಿ ಎರಡು ತಂದರು. ನಾನು ಕೈಯಲ್ಲಿ ಹಿಡಿದು ನೋಡಿದೆ. ಗೋಣಿಚೀಲದ ಬಾಯಿ ಹೊಲಿದ ಹಾಗೆ ಹೊಲಿಗೆ ಎದ್ದು ನಿಂತಿತ್ತು. ಹೆಬ್ಬೆರಳು ಓಡಿಸಿದರೆ ಚುಚ್ಚುತ್ತದೆ. ಈ ಹೊಲಿಗೆ ಹುಲ್ಲಿಗೆ ತಾಗಿದರೆ ಚೆಂಡು ಅತ್ತಿತ್ತ ತಿರುಗುತ್ತದೆ ಎಂದು ಮಾಸ್ತರು ವಿವರಿಸಿದರು.

ಮೂರು ದಿನ ದುಡಿದೆವು. ಬೆಳಿಗ್ಗೆ ನೀರು ಹಾಯಿಸುವುದು, ಮೇಲೆ ನಿಂತ ನೀರು ಇಂಗಿ ಮಣ್ಣು ಕೈಗೆ ಅಂಟದ ಹದಕ್ಕೆ ಬಂದಾಗ ರೋಲರ್ ಎಳೆಯುವುದು, ಮಧ್ಯಾಹ್ನ ಬಿಟ್ಟು ಸಂಜೆ ಮತ್ತೆ ಎಳೆಯುವುದು. ರೋಲರಿಗೆ ನಾನು, ಮೊಮ್ಮಗ, ಮಾಸ್ತರು. ಮೇ ತಿಂಗಳ ಬಿಸಿಲು. ಮೂರನೇ ದಿನ ಸಂಜೆಗೆ ಪಟ್ಟಿಯ ನಡುವೆ ಕೂದಲೆಳೆಯಂಥ ಬಿರುಕು ಬಿಟ್ಟಿತು. ಮರುದಿನಕ್ಕೆ ಅದು ಬೆರಳು ಹೋಗುವಷ್ಟಾಯಿತು.

ಅಲ್ಲಿ ನಾನೊಂದು ಕೆಲಸ ಮಾಡಿದೆ. ಬರೆಯಲಿಕ್ಕೆ ಈಗಲೂ ನಾಚಿಕೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ನೆಲ ಬಿರುಕು ಬಿಟ್ಟರೆ ಹುಡುಗಿಯರು ಮಾಡುವುದು ಒಂದೇ ಕೆಲಸ. ಅವರಿಬ್ಬರೂ ಮನೆಗೆ ಹೋದ ಮೇಲೆ ಪಕ್ಕದ ಕೊಟ್ಟಿಗೆಯಿಂದ ಒಂದು ಬುಟ್ಟಿ ಸಗಣಿ ತಂದು ನೀರಿನಲ್ಲಿ ಕದಡಿ, ಇಪ್ಪತ್ತೆರಡು ಗಜವನ್ನೂ ಸಾರಿಸಿಬಿಟ್ಟೆ. ಕೈ ಒಂದು ಸಲ ಶುರುವಾದರೆ ತಾನೇ ಹೋಗುತ್ತದೆ, ಅಂಗೈ ಬಳಸಿ ಅರ್ಧಚಂದ್ರ, ಅದರ ಪಕ್ಕಕ್ಕೆ ಇನ್ನೊಂದು ಅರ್ಧಚಂದ್ರ. ಬಿರುಕೆಲ್ಲ ಮುಚ್ಚಿತು. ಕತ್ತಲಾಗುವ ಹೊತ್ತಿಗೆ ಎದ್ದು ನಿಂತು ನೋಡಿದೆ, ಎಷ್ಟು ಚೆಂದ ಕಂಡಿತೆಂದರೆ ಒಂದು ರಂಗೋಲಿ ಎಳೆ ಎಳೆಯೋಣ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಮೊಮ್ಮಗ ಮೊದಲ ಬಾಲು ಹಾಕಲು ಓಡಿಬಂದ. ಎಡಗೈಯವನಾದ್ದರಿಂದ ಚೆಂಡು ಬಿಡುವಾಗ ಬಲಗಾಲು ನೆಲಕ್ಕೆ ಬಡಿಯಬೇಕು. ಬಡಿಯಿತು, ಮತ್ತು ಜಾರಿತು. ಮೇಲಿನ ಸಗಣಿ ಒಣಗಿತ್ತು, ಅದರಡಿ ಮಣ್ಣು ಹಸಿಯಾಗೇ ಉಳಿದಿತ್ತು. ಕಾವಲಿಯಿಂದ ದೋಸೆ ಏಳುವ ಹಾಗೆ ಮೇಲಿನ ಪದರ ಎದ್ದು ಬಂತು. ಅವನು ಕಾಲು ಹಿಡಿದುಕೊಂಡು ಬಿದ್ದ.

ಮಾಸ್ತರು ಎದ್ದ ಪದರ ಎತ್ತಿ ಮೂಸಿ ನೋಡಿದರು. “ಇಬ್ಬನಿಗೆ ಜಾರಿರಬೇಕು ಅಂದ್ಕೊಂಡೆ. ಇದೆಂತದು?”

“ನಾನೇ ಸಾರಿಸಿದ್ದು ಮಾಸ್ಟ್ರೇ.”

“ಏನಮ್ಮಾ ನೀವು. ಇದು ಪಿಚ್ಚು. ತುಳಸಿಕಟ್ಟೆ ಅಂದ್ಕೊಂಡ್ರಾ?”

ಅವರು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೊಂದೇ ಸಲ. ಮೊಮ್ಮಗನೂ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಗೆ ಏನೂ ಆಗಿಲ್ಲ, ಎರಡು ದಿನ ಕಾಲು ಊರಬಾರದು ಎಂದರು. ಪಾದ ಹಲಸಿನ ತೊಳೆಯ ಹಾಗೆ ಊದಿಕೊಂಡಿತ್ತು. ಮನೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟು ಮಲಗಿದವನಿಗೆ ನಾನು ಐಸು ಇಡುತ್ತಾ ಕೂತೆ. ಏಳು ದಿನ ಉಳಿದಿತ್ತು. ಪಟ್ಟಿ ಹಾಳು, ಕಾಲು ಹಾಳು. ಎರಡಕ್ಕೂ ಕಾರಣ ನಾನು.

ನಾನು ಮೂರನೇ ಕ್ಲಾಸು ಓದಿದವಳು. ಓದಿದವರು ಹೇಗೆ ಯೋಚನೆ ಮಾಡುತ್ತಾರೋ ತಿಳಿಯದು, ನನಗೆ ಕೈಯಲ್ಲಿ ಮಾಡಿದ್ದನ್ನು ನೆನೆದರೆ ಮಾತ್ರ ಯೋಚನೆ ಬರುತ್ತದೆ. ತವರಿನಲ್ಲಿ ಕಣ ಮಾಡುತ್ತಿದ್ದೆವಲ್ಲ, ಅದು ಯಾಕೆ ಎದ್ದು ಬರುತ್ತಿರಲಿಲ್ಲ? ಅದಕ್ಕೂ ಸಗಣಿಯೇ ಸಾರಿಸುತ್ತಿದ್ದದ್ದು.

ನೆನೆದಂತೆ ಎಲ್ಲ ಕಣ್ಣೆದುರು ಬಂತು. ಕೊಯ್ಲು ಮುಗಿದ ಮೇಲೆ ಅಪ್ಪ ಕಣದ ನೆಲ ಕೆತ್ತಿ ನೀರು ಚಿಮುಕಿಸುತ್ತಿದ್ದ. ಅದರ ಮೇಲೆ ಹುತ್ತದ ಮಣ್ಣು. ನಾವು ಮಕ್ಕಳೆಲ್ಲ ಹಲಗೆ ಹಿಡಿದು ಸಾಲಾಗಿ ಕೂತು ಬಡಿಯಬೇಕು. ಅವ್ವ ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ ಸಾರಿಸುತ್ತಿದ್ದಳು, ಅವಳ ಬಳೆ ಸದ್ದಿಗೆ ನಮ್ಮ ಹಲಗೆ ತಾಳ ಹಾಕುತ್ತಿತ್ತು. ಮೊದಲು ಒಡೆಯರ ಗೇಣಿಗೆಂದು ಆ ಕಣದಲ್ಲಿ ಭತ್ತ ತುಳಿಸಿದೆವು. ಆಮೇಲೆ ಕಾನೂನು ಬಂದು ಗದ್ದೆ ನಮ್ಮದಾಯಿತು. ಆ ವರ್ಷ ಅಪ್ಪ ರಾಶಿಯನ್ನು ನೋಡುತ್ತಾ ನಿಂತೇಬಿಟ್ಟ. ಅವ್ವ, “ಎಂತ ನಿಂತ್ಕಂಡಿದೀರಿ, ತುಂಬಿ,” ಎಂದ ಮೇಲೆಯೇ ಅವನು ಮೊರ ಎತ್ತಿದ್ದು. ರಾಶಿಯ ಮಗ್ಗುಲಲ್ಲಿ ಹುಲ್ಲು ಹಾಸಿಕೊಂಡು ಮಲಗಿದರೆ ಹೊಸ ಭತ್ತದ ಬಿಸಿ ಬೆನ್ನಿಗೆ ತಾಗುತ್ತಿತ್ತು. ನನ್ನ ಮೊಮ್ಮಕ್ಕಳಿಗೆ ಆ ಬಿಸಿ ಹೇಳಿ ತಿಳಿಸಲಿಕ್ಕೆ ನನಗೆ ಬರುವುದಿಲ್ಲ.

ವರ್ಷ ವರ್ಷ ಬಡಿದ ನೆಲ. ಒಂದರ ಮೇಲೊಂದು ಪದರ ಕೂತು ಗಟ್ಟಿಯಾದ ನೆಲ. ಭತ್ತ ಬೆಳೆಯುವುದು ನಿಂತ ಮೇಲೆ ಅದರ ಮೇಲೆ ಯಾರೂ ಸಗಣಿ ಸಾರಿಸಿಲ್ಲ, ಗರಿಕೆ ತಾನಾಗಿಯೇ ಹಬ್ಬಿಕೊಂಡಿದೆ. ಕಳೆದ ದೀಪಾವಳಿಗೆ ಹೋದಾಗ ಅದರ ಮೇಲೆ ದನ ಮೇಯುತ್ತಿದ್ದದ್ದು ನಾನೇ ನೋಡಿದ್ದೆ. ಅಡಿಯಲ್ಲಿ ಕಲ್ಲಿನಂಥ ಮಣ್ಣು, ಮೇಲೆ ಬೇರು ಬಿಟ್ಟ ಹುಲ್ಲು.

ಐಸಿನ ಬಟ್ಟೆ ಅಲ್ಲೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದೆ. ಅವನಿರುವುದು ಹೊಸನಗರ ದಾಟಿ ನಿಟ್ಟೂರಿನ ಕಡೆ, ನಮ್ಮ ಹಳೆಯ ಮನೆಯಲ್ಲಿ.

“ತಮಾ, ಕಣ ಇದ್ಯನಾ ಇನ್ನೂ?”

“ಇದೆ. ನಾಡಿದ್ದಿಗೆ ಇರಲ್ಲ. ಅಡಿಕೆ ಒಣಗ್ಸಕ್ಕೆ ಸಿಮೆಂಟ್ ಅಂಗಳ ಮಾಡ್ಸಾಣ ಅಂತ ಜೆಸಿಬಿಯವ್ನಿಗೆ ಹೇಳಾಗಿದೆ. ಎಂತಕ್ಕೆ?”

“ಜೆಸಿಬಿ ಬೇಡ ಅನ್ನು.”

“ಎಂತಕ್ಕೆ ಅಂತೀನಿ?”

“ಅದ್ರ ಮೇಲೆ ಕ್ರಿಕೆಟ್ ಆಡೋದಿದೆ.”

“ಯಾರು, ನೀನಾ?” ಎಂದ.

ಎಲ್ಲ ಹೇಳಿದೆ. ಸಗಣಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ನಗುವುದನ್ನೆಲ್ಲ ನಕ್ಕು ಮುಗಿಸಿ, “ಬನ್ನಿ ಮಾರಾಯ್ತಿ, ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು ನಾನು. ಒಂದು ವಾರ ಅಷ್ಟೇ,” ಎಂದ.

ಮಾಸ್ತರು ಮೊದಲು ಒಪ್ಪಲಿಲ್ಲ. ಇರುವ ಏಳು ದಿನವನ್ನು ನೋಡದ ನೆಲದ ಮೇಲೆ ಪಣ ಇಡುವುದಕ್ಕಿಂತ ಬೆಂಗಳೂರಿಗೆ ಬೇಗ ಹೋಗಿ ಅಲ್ಲೇ ಎಲ್ಲಾದರೂ ಅಭ್ಯಾಸ ಮಾಡಲಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೊನೆಗೆ ಮೊಮ್ಮಗನೇ ಹೇಳಿದ, “ಸರ್, ಅಜ್ಜಿ ಹೇಳಿದ ನೆಲ ಒಂದ್ಸಲ ನೋಡ್ಬಿಡಾಣ.” ಅವನ ಕಾಲು ಊದಿದ್ದು ನನ್ನಿಂದ, ಆದರೂ ಹಾಗೆ ಹೇಳಿದ. ಆ ಮಾತು ಕೇಳಿ ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಮರುದಿನ ಬೆಳಿಗ್ಗೆ ಮಾಸ್ತರ ವ್ಯಾನಿನಲ್ಲಿ ಹೊರಟೆವು, ಮೊಮ್ಮಗನನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದ್ದೆವು. ಕಣ ತಲುಪಿದ ಕೂಡಲೇ ನಾನು ಚಪ್ಪಲಿ ಕಳಚಿ ಹಿಮ್ಮಡಿಯಲ್ಲಿ ಒತ್ತಿ ನೋಡಿದೆ. ಚಿಕ್ಕಂದಿನಲ್ಲಿ ಹೇಗಿತ್ತೋ ಹಾಗೇ ಇತ್ತು. ಮಾಸ್ತರು ಕಬ್ಬಿಣದ ಸಲಾಕೆ ಊರಿ ನೋಡಿದರು, ಒಂದು ಗೇಣು ಇಳಿಯಲಿಲ್ಲ. ಚೆಂಡು ಎತ್ತರದಿಂದ ಬಿಟ್ಟರು. ಅದು ಪುಟಿದು ಎದ್ದದ್ದು ನೋಡಿ ಅವರೇ ಲುಂಗಿ ಎತ್ತಿ ಕಟ್ಟಿದರು. ಅದೇ ಅವರ ಒಪ್ಪಿಗೆ.

ಕಣದ ನಡುವೆ ಎತ್ತು ತುಳಿಸಲು ಹಿಂದೆ ಮೇಟಿ ಕಂಬ ನೆಡುತ್ತಿದ್ದ ಗುಳಿ ಇತ್ತು. ಪಿಚ್ಚು ಅದನ್ನು ತಪ್ಪಿಸಿ ಒಂದು ಮಗ್ಗುಲಿಗೆ ಬರುವಂತೆ ದಾರ ಕಟ್ಟಿದೆವು. ಇಪ್ಪತ್ತೆರಡು ಗಜ ಸಿಕ್ಕಿತು. ಆದರೆ ಓಡಿಬರುವ ಜಾಗಕ್ಕೆ ದನಕ್ಕೆಂದು ಕೊಂಡು ಒಟ್ಟಿದ ಹುಲ್ಲಿನ ಬಣವೆ ಅಡ್ಡ. ಇನ್ನೊಂದು ಕಡೆ ಗದ್ದೆ, ಅದು ಕಣಕ್ಕಿಂತ ತಗ್ಗು.

“ಬಣವೆ ತೆಗೀಬೇಕು ತಮಾ.”

“ಅಕ್ಕಾ, ನೀನು ಮೊದಲು ಜೆಸಿಬಿ ಬೇಡ ಅಂದೆ. ಈಗ ಬಣವೆ ಅಂತೀಯ. ನಾಳೆ ಮನೆ ಹಿಂದಕ್ಕೆ ಸರಿಸು ಅಂತೀಯ.”

ಹಾಗೆ ಹೇಳುತ್ತಲೇ ಬಣವೆಯ ಮೇಲೆ ಹತ್ತಿ ಮೊದಲ ಹೊರೆ ಅವನೇ ಇಳಿಸಿದ. ಅರ್ಧ ದಿನ ಹಿಡಿಯಿತು. ಮೈಯೆಲ್ಲ ತುರಿಕೆ, ಮೂಗೆಲ್ಲ ಧೂಳು. ಹಳೆಯ ಹುಲ್ಲಿನ ಆ ಧೂಳಿಗೆ ಸೀನು ಬಂದರೂ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಯಾರಿಗೂ ಹೇಳಲಿಲ್ಲ.

ಗರಿಕೆಯನ್ನು ಹುಲ್ಲುಗತ್ತಿಯಲ್ಲಿ ಕೂತು ಕೊಯ್ದೆ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉಳಿಯುವ ಹಾಗೆ. ಮಾಸ್ತರು ಗೆಣ್ಣಿಟ್ಟು ಅಲ್ಲಲ್ಲಿ ಅಳೆದರು. ಸಾಗರದ ರೋಲರ್ ತರುವಂತಿರಲಿಲ್ಲ. ಮನೆ ಬಾಗಿಲಲ್ಲಿ ಕೂರಲಿಕ್ಕೆ ಇಟ್ಟುಕೊಂಡಿದ್ದ ಹಳೆಯ ರೋಣಗಲ್ಲನ್ನು ತಮ್ಮ ಹೊರಳಿಸಿಕೊಂಡು ಬಂದ. ಕಣದಲ್ಲಿ ಸುತ್ತು ತಿರುಗಲೆಂದೇ ಮಾಡಿದ ಕಲ್ಲು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ನೇರ ಎಳೆದರೆ ಎಡಕ್ಕೇ ಹೋಗುತ್ತದೆ. ಒಂದು ಸಾಲು ಎಳೆದ ಮೇಲೆ ಕಲ್ಲಿನ ತುದಿ ಬದಲಿಸಿ, ಅದೇ ಸಾಲನ್ನು ವಾಪಸು ಎಳೆದರೆ ಸರಿಹೋಗುತ್ತದೆ ಎಂದು ಕಂಡುಕೊಳ್ಳುವಷ್ಟರಲ್ಲಿ ಎರಡು ಸಲ ಬಣವೆ ಜಾಗದ ತನಕ ಹೋಗಿ ಬಂದಿದ್ದೆವು.

ಇವೆಲ್ಲ ಆಗುವಾಗ ಮೊಮ್ಮಗ ಜಗುಲಿಯಲ್ಲಿ ಕೂತು ಪಾದ ತಿರುಗಿಸುವ ವ್ಯಾಯಾಮ ಮಾಡುತ್ತಿದ್ದ. ಮೂರನೇ ದಿನ ಅವನ ಕಾಲು ಇಳಿದಿತ್ತು. ಬೂಟು ಹಾಕಿಕೊಂಡ. ಆಗ ಉಳಿದದ್ದು ನಾಲ್ಕು ದಿನ.

ಓಡಿಬಂದ. ಕ್ರೀಸಿನ ಹತ್ತಿರ ನಿಂತುಬಿಟ್ಟ. ಮತ್ತೆ ಹೋಗಿ ಓಡಿಬಂದ, ಮತ್ತೆ ನಿಂತ. ಮೂರನೇ ಸಲ ಚೆಂಡು ಬಿಟ್ಟ, ಆದರೆ ಬಲಗಾಲನ್ನು ಬಿಸಿನೀರಿಗೆ ಇಡುವ ಹಾಗೆ ಇಟ್ಟ. ಚೆಂಡು ಅರ್ಧ ದಾರಿಯಲ್ಲೇ ಬಿತ್ತು.

“ನೋವಿದ್ಯನಾ?” ಎಂದು ಮಾಸ್ತರು ಕೇಳಿದರು.

“ನೋವಿಲ್ಲ ಸರ್.”

ನೋವಿಲ್ಲ ಎಂದು ನನಗೂ ಗೊತ್ತಿತ್ತು. ಅವನ ಕಾಲಿಗೆ ನೆಲದ ಮೇಲಿನ ನಂಬಿಕೆ ಹೋಗಿತ್ತು. ಕಳೆದದ್ದು ನಾನು, ಕೊಡಬೇಕಾದವಳೂ ನಾನೇ. ಅವನ ಬಲಗಾಲು ಬೀಳುವ ಜಾಗವನ್ನು ಒಂದು ಗೇಣು ಆಳ ಕೆತ್ತಿದೆ. ಜಂಬಿಟ್ಟಿಗೆ ಕಲ್ಲು ಪುಡಿ ಮಾಡಿ ಅಡಿಗೆ ಹಾಕಿ, ಮೇಲೆ ಹುತ್ತದ ಮಣ್ಣು ತುಂಬಿ, ನಾಲ್ಕು ಬೆರಳಿಗೊಂದು ಸಲ ನೀರು ಚಿಮುಕಿಸಿ ಹಲಗೆಯಲ್ಲಿ ಬಡಿದೆ. ಕೈ ಸೋತಾಗ ತಮ್ಮ ಬಡಿದ. ಮಧ್ಯಾಹ್ನವೆಲ್ಲ ಅದೇ ಕೆಲಸ. ಸಂಜೆಗೆ ಮೊಮ್ಮಗನನ್ನು ಕರೆದು, ಸೀರೆ ಎತ್ತಿ ಸಿಕ್ಕಿಸಿ, ದೂರದಿಂದ ಓಡಿಬಂದು ಅದರ ಮೇಲೆ ಎರಡೂ ಕಾಲಲ್ಲಿ ದಬಕ್ಕೆಂದು ಹಾರಿದೆ. ಅರವತ್ತಾರು ವರ್ಷ ನನಗೆ. ಮಾಸ್ತರು ಕಣ್ಣು ಮುಚ್ಚಿಕೊಂಡರು.

“ಜಾರ್ತಾ ಅಪ್ಪಿ?”

“ಇಲ್ಲ ಅಜ್ಜಿ.”

“ಇನ್ನೊಂದ್ಸಲ ಹಾರ್ಲಾ?”

“ಬೇಡ ಬೇಡ, ನಿಂಗೆ ಎಕ್ಸ್‌ರೇ ತೆಗ್ಸೋಕೆ ನನ್ನ ಕೈಲಾಗಲ್ಲ,” ಎನ್ನುತ್ತಾ ನಗುತ್ತಲೇ ಓಟದ ಗುರುತಿಗೆ ಹೋದ. ಈ ಸಲ ಬಾಲು ಬಿಡುವಾಗ ಅವನ ಬಲಗಾಲಿನ ಸದ್ದು ಕೇಳಿತು. ತುಂಬಿದ ಚೀಲ ಇಳಿಸಿದ ಹಾಗೆ ಗಟ್ಟಿ ಸದ್ದು.

ಮರುದಿನದಿಂದ ಲೆಂತಿನ ಕೆಲಸ, ಅಂದರೆ ಚೆಂಡನ್ನು ಬೇಕಾದ ದೂರಕ್ಕೇ ಬೀಳಿಸುವುದು. ಮಾಸ್ತರು ಸ್ಟಂಪಿನಿಂದ ಆರು ಹೆಜ್ಜೆ ಅಳೆದು ಅಲ್ಲೊಂದು ಅಡಿಕೆ ಹಾಳೆ ಇಟ್ಟರು. ಚೆಂಡು ಹಾಳೆಗೆ ಬಿದ್ದರೆ ಟಪ್ಪೆನ್ನುತ್ತದೆ, ದೂರದಲ್ಲಿದ್ದರೂ ಗೊತ್ತಾಗುತ್ತದೆ. ಮೊದಲ ದಿನ ಮೂವತ್ತು ಬಾಲಿನಲ್ಲಿ ಮೂರು ಸಲ ಟಪ್ಪೆಂದಿತು. ಉಳಿದದ್ದೆಲ್ಲ ಹಳೆಯ ಎಂಟು ಹೆಜ್ಜೆಯಲ್ಲೇ. ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ ತಮ್ಮ, ಸದ್ದಾದಾಗಲೆಲ್ಲ “ನಾಲ್ಕು” “ಐದು” ಎಂದು ಅಲ್ಲಿಂದಲೇ ಕೂಗುತ್ತಿದ್ದ. ಅದು ಮೊಮ್ಮಗನಿಗೆ ಮಜಾ ಕೊಟ್ಟಿತೋ ಸಿಟ್ಟು ಬರಿಸಿತೋ, ಅಂತೂ ಸಂಜೆಗೆ ಹತ್ತು ದಾಟಿತ್ತು.

ಆ ದಿನ ಸಂಜೆ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ಅಡಿಕೆಗೆ ಹೊದಿಸುವ ಟಾರ್ಪಾಲು ತಂದು ಪಿಚ್ಚಿಗೆ ಮುಚ್ಚಿ ಮೂಲೆಗೆ ಕಲ್ಲಿಟ್ಟೆವು. ಬೆಳಿಗ್ಗೆ ತೆಗೆದಾಗ ನೆಲ ಒಳಗೇ ಬೆವರಿ, ಗರಿಕೆಯ ತುದಿಯೆಲ್ಲ ತೇವವಾಗಿತ್ತು. ನಾನು ಹಾಳಾಯಿತೆಂದು ಹೆದರಿ ಬಟ್ಟೆ ತರಲು ಹೊರಟೆ. ಮಾಸ್ತರು, “ಒರೆಸ್ಬೇಡಿ ಅಮ್ಮ, ಹಾಗೇ ಇರ್ಲಿ,” ಎಂದು ಮೊಮ್ಮಗನ ಕೈಗೆ ಚೆಂಡು ಕೊಟ್ಟರು. ಮೊದಲ ಬಾಲೇ ಹಾಳೆಯ ಪಕ್ಕದ ಹುಲ್ಲಿಗೆ ಬಿದ್ದು ಒಳಗೆ ತಿರುಗಿತು. ಎರಡನೆಯದು ಅಲ್ಲೇ ಬಿದ್ದು ಹೊರಗೆ ಹೋಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಇದೇ ಸರ್,” ಎಂದ ಮೊಮ್ಮಗ. “ಟೀವಿಲಿ ನೋಡಿದ್ದು ಇದೇ.”

ಆಮೇಲೆ ದಿನಾ ಸಂಜೆ ಹನಿ ಬಿದ್ದರೂ ಬೀಳದಿದ್ದರೂ ಟಾರ್ಪಾಲು ಮುಚ್ಚಿದೆವು. ಬೆಳಿಗ್ಗೆ ಬೆವರು ಆರುವ ತನಕ ಅವನು ಹಾಕುತ್ತಿದ್ದ, ಬಿಸಿಲೇರಿದ ಮೇಲೆ ರೋಣಗಲ್ಲು. ಕೊನೆಯ ದಿನ ತಮ್ಮ ಬ್ಯಾಟು ಹಿಡಿದು ಬಂದ. “ನಂಗೂ ಒಂದು ಹಾಕೋ. ಬಣವೆ ಇಳಿಸಿದ್ದಕ್ಕಾದ್ರೂ.” ಮೊಮ್ಮಗ ನಾಲ್ಕು ಹೆಜ್ಜೆ ನಡೆದುಬಂದು ಮೆಲ್ಲಗೆ ಹಾಕಿದ. ತಮ್ಮ ಬೀಸಿದ ರಭಸಕ್ಕೆ ಬ್ಯಾಟು ಗದ್ದೆಗೆ ಹೋಯಿತು, ಚೆಂಡು ಸ್ಟಂಪಿಗೆ ಹೋಯಿತು. “ಬೆಳಕು ಸರಿ ಇರ್ಲಿಲ್ಲ,” ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಮೊಮ್ಮಗ ಬೆಂಗಳೂರಿನ ರೈಲು ಹತ್ತಿದ. ಕ್ಯಾಂಪಿನ ಮೊದಲ ದಿನ ಸಂಜೆ ಫೋನ್ ಬಂತು. ದನಿ ಕೇಳಿದಾಗಲೇ ಗೊತ್ತಾಯಿತು.

“ಗಿಡ್ಡ ಬಿತ್ತು ಅಜ್ಜಿ. ಅವ್ರ ಮುಖ ನೋಡಿ ಎಲ್ಲ ಮರ್ತೋಯ್ತು. ಎಂಟು ಹೆಜ್ಜೆಗೇ ಹೋಗ್ತಿತ್ತು.”

“ಅಲ್ಲಿ ಹಾಳೆ ಇಡಕ್ಕೆ ಬಿಡಲ್ವನಾ?”

“ಅಜ್ಜಿ, ಅಲ್ಲಿ ಯಾರು ಹಾಳೆ ಇಡ್ತಾರೆ?”

“ಇಟ್ಟಿದಾರೆ ಅಂದ್ಕೋ. ನಿಂಗೆ ಆ ಸದ್ದು ಗೊತ್ತಲ್ಲ.”

ಅವನು ಫೋನ್ ಇಟ್ಟ. ಎರಡನೇ ದಿನ ಫೋನೇ ಬರಲಿಲ್ಲ. ನಾನೂ ಮಾಡಲಿಲ್ಲ, ಮಾಡಬಾರದೆಂದು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಮೈದಾನಕ್ಕೆ ಹೋದೆ. ಮೂರನೇ ದಿನ ಮಾಸ್ತರು ಮಧ್ಯಾಹ್ನದಿಂದಲೇ ನಮ್ಮ ಜಗುಲಿಯಲ್ಲಿ ಕೂತಿದ್ದರು. ಎರಡು ಸಲ ಕಾಫಿ ಆಯಿತು. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

“ಅಜ್ಜಿ, ಮನೇಲಿ ದೊಡ್ಡ ಬ್ಯಾಗ್ ಯಾವ್ದಾದ್ರೂ ಇದ್ಯಾ?”

“ಎಷ್ಟು ದೊಡ್ಡದು?”

“ಸ್ವೆಟರ್ ಎಲ್ಲ ಹಿಡಿಸ್ಬೇಕು. ಅಲ್ಲಿ ಜೂನಲ್ಲೂ ಚಳಿಯಂತೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಫೋನನ್ನು ಮಾಸ್ತರ ಕೈಗೆ ಕೊಟ್ಟು ಬ್ಯಾಗು ಹುಡುಕಲು ಒಳಗೆ ಓಡಿದೆ. ಅವರೂ ಫೋನ್ ಹಿಡಿದುಕೊಂಡೇ ನನ್ನ ಹಿಂದೆ ಬಂದರು. ಆ ಕಡೆಯಿಂದ ಅವನು “ಹಲೋ, ಹಲೋ” ಎನ್ನುತ್ತಲೇ ಇದ್ದ. ಎರಡನೇ ದಿನ ಆರು ಹೆಜ್ಜೆಯಲ್ಲಿ ಒಂದೇ ಸಮ ಹಾಕಿದನಂತೆ. ಮೊದಲ ಬಾಲಿಗೆ ಆಡಲು ಇಳಿಯುವ ಬ್ಯಾಟ್ಸ್‌ಮನ್ ಎರಡು ಸಲ ಚೆಂಡಿಗೆ ಬ್ಯಾಟು ತಾಗಿಸಲಾಗದೆ, ಮೂರನೇ ದಿನ ತಾವೇ ಕೇಳಿ ಇವನನ್ನು ತಮ್ಮ ನೆಟ್ಟಿಗೆ ಕರೆಸಿಕೊಂಡರಂತೆ. ಆ ರಾತ್ರಿ ನಾನು ಊಟಕ್ಕೆ ಕೂತವಳು ನಕ್ಕೂ ನಕ್ಕೂ ಎದ್ದುಬಿಟ್ಟೆ. ಮರುದಿನ ಹಾಲಿನವನಿಗೆ ಹೇಳಿದೆ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬ ಹೆಂಗಸಿಗೂ ಹೇಳಿದೆ. ಅವರು “ಮ್ಯಾಚ್ ಆಡ್ತಾನಾ?” ಎಂದರು. “ಇಲ್ಲ, ಹೊಡೆಸ್ಕೊಳ್ತಾನೆ,” ಎಂದೆ. ಅವರಿಗೆ ಏನು ತಿಳಿಯಿತೋ, ಒಳ್ಳೆಯದಾಗಲಿ ಎಂದರು.

ತಮ್ಮ 'ಒಂದು ವಾರ ಅಷ್ಟೇ' ಎಂದಿದ್ದನಲ್ಲ, ಜೆಸಿಬಿ ಬಂದಾಗ ಕಣ ಬಿಟ್ಟು ಮನೆಯ ಹಿಂದಿನ ಜಾಗ ತೋರಿಸಿದನಂತೆ. ಯಾಕೆ ಎಂದು ಕೇಳಲಿಲ್ಲ ನಾನು.

ಮೊಮ್ಮಗ ಹೋಗಿ ಎರಡು ವಾರವಾಯಿತು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ಫೈನಲ್ಲು ಶುರು. ತಮ್ಮ ನಮ್ಮ ಮನೆಯಲ್ಲೇ ಟೀವಿ ನೋಡಬೇಕೆಂದು ಇವತ್ತೇ ಬಂದು ಕೂತಿದ್ದಾನೆ. ಸ್ವಲ್ಪ ಹೊತ್ತಿಗೆ ಮುಂಚೆ ಮೊಮ್ಮಗನ ಫೋನ್ ಬಂದಿತ್ತು.

“ನನ್ನ ಕೆಲ್ಸ ಇವತ್ತಿಗೆ ಮುಗೀತು ಅಜ್ಜಿ. ಕೊನೇ ನೆಟ್ಸ್ ಆಯ್ತು. ಇನ್ನು ಕೂತು ನೋಡೋದು.”

“ಪಿಚ್ ನೋಡಿದ್ಯನಾ?”

“ದೂರದಿಂದ ನೋಡ್ದೆ.”

“ಹುಲ್ಲು ಎಷ್ಟು ಬಿಟ್ಟಿದಾರೆ? ಗೆಣ್ಣಿಗೆ ಬರತ್ತಾ?”

“ಅದನ್ನ ಯಾರಿಗೂ ಹೇಳೋ ಹಾಗಿಲ್ಲ ಅಜ್ಜಿ.”

“ನಾನು ಯಾರಿಗೆ ಹೇಳ್ತೀನೋ? ಇಲ್ಲಿ ಕೂತಿರೋ ನಿಟ್ಟೂರಜ್ಜಂಗಾ?”

“ಯಾರಿಗೂ ಅಂದ್ರೆ ಯಾರಿಗೂ. ನಮ್ಗೆಲ್ಲ ಹೇಳಿದಾರೆ, ಒಳಗಿನ ವಿಷಯ ಒಳಗೇ ಅಂತ.”

ಮೊದಲು ಬೇಜಾರಾಯಿತು. ಇಷ್ಟು ವರ್ಷ ಪಿಚ್ಚಿನ ಕೆಲಸ ಮಾಡಿದವಳು ನಾನು, ನನಗೂ ಹೇಳುವುದಿಲ್ಲವೇ ಎನ್ನಿಸಿತು. ಆಮೇಲೆ ತಾಲ್ಲೂಕಿನ ಪಂದ್ಯಗಳ ಹಿಂದಿನ ದಿನ ಎರಡೂ ಕಡೆಯ ಕ್ಯಾಪ್ಟನ್ನುಗಳು ನನಗೆ ಕಾಫಿ ಕೊಡಿಸಿ, “ಅಮ್ಮಾ, ನಾಳೆ ಹೇಗಿರತ್ತೆ?” ಎಂದು ಕೇಳುತ್ತಿದ್ದದ್ದು ನೆನಪಾಯಿತು. ಕಾಫಿ ಕುಡಿಯುತ್ತಿದ್ದೆ, ಉತ್ತರ ಕೊಟ್ಟವಳಲ್ಲ. ಈಗ ಇವನೂ ಹಾಗೇ ಮಾತಾಡುತ್ತಿದ್ದಾನೆ, ದೇಶದ ತಂಡದ ಒಳಗೆ ನಿಂತು. “ಹೇಳ್ಬೇಡ ಅಪ್ಪಿ, ಸತ್ತರೂ ಹೇಳ್ಬೇಡ,” ಎಂದು ಫೋನ್ ಇಟ್ಟೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ತಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದ.

“ಎಂತ ಅಂದ ಅಕ್ಕಾ? ಹುಲ್ಲಿದ್ಯಂತಾ ಪಿಚ್ಚಲ್ಲಿ?”

“ಅವೆಲ್ಲ ಹೊರಗಿನೋರಿಗೆ ಹೇಳೋ ಹಾಗಿಲ್ಲ ಮಾರಾಯಾ,” ಎಂದೆ.